ಮಂಚ ಹೊತ್ತು ಹುಲಿ ಹಿಂದೆ ಹೋದ ಆಂಡರ್ಸನ್

ಕಡೂರು, ಹೊಸದುರ್ಗ ಕಡೆ ಬಸ್ಸಿನಲ್ಲಿ ತೂಕಡಿಸುವವರು ಒಂದ್ಸಲ ಕಿಟಕಿಯಾಚೆ ನೋಡಿ. ಈ ಸೀಮೆಯಲ್ಲಿ ಹಿಂದೆ ನರಭಕ್ಷಕ ಹುಲಿಗಳ ಬೆನ್ನು ಹತ್ತಿದವರು ಕೆನೆತ್ ಆಂಡರ್ಸನ್. 1910ರಲ್ಲಿ ಹೈದರಾಬಾದ್ ಕಡೆಯ ಬೊಲಾರಂನಲ್ಲಿ ಹುಟ್ಟಿದವರು. ಬಾಳಿದ್ದು ಬೆಂಗಳೂರಿನಲ್ಲಿ, ನೌಕರಿ ವಿಮಾನ ಕಾರ್ಖಾನೆಯಲ್ಲಿ. ಕನ್ನಡ ಬರುತ್ತಿತ್ತು, ಹಳ್ಳಿಯವರ ಬಾಯಿ ಬಿಡಿಸೋಕೆ ಅದು ಬಂದೂಕಿಗಿಂತ ಮೇಲು.

ಬೇಟೆ ಅಂದ್ರೆ ಗುಂಡು ಹಾರಿಸೋದು ಅಂತ ನಾವು ತಿಳಿದಿದ್ದೇವೆ. ಅಸಲಿ ಕಷ್ಟ ಅದಕ್ಕೆ ಮುಂಚೆ. ಹುಲಿ ಇವತ್ತು ಇಲ್ಲಿ ಕೊಂದರೆ ನಾಳೆ ಹತ್ತು ಮೈಲಿ ಆಚೆ. ಹೋದಲ್ಲೆಲ್ಲ ಕೊಂಬೆ ಕಡಿದು ಅಟ್ಟಣಿಗೆ ಕಟ್ಟುತ್ತಾ ಕೂತರೆ ಕೊಡಲಿ ಸದ್ದಿಗೇ ಅದು ಹುಷಾರು. ಅದಕ್ಕೇ ಆಂಡರ್ಸನ್ ಹೊತ್ತೊಯ್ಯುವಂಥ ಮಂಚ ಇಟ್ಟುಕೊಂಡಿದ್ದರು. ಮರದ ಕವಲಿಗೆ ಹಗ್ಗದಿಂದ ಬಿಗಿದು, ಸುತ್ತ ಸೊಪ್ಪಿನ ಮರೆ ಮಾಡಿ, ಹೊತ್ತು ಮುಳುಗೋ ಮುಂಚೆ ಹತ್ತಿ ಕೂತರೆ ಆಯ್ತು. ಆಮೇಲೆ ಕೆಮ್ಮುವ ಹಾಗಿಲ್ಲ, ಸೊಳ್ಳೆ ಹೊಡೆಯುವ ಹಾಗಿಲ್ಲ. ಎಷ್ಟೋ ರಾತ್ರಿ ಹುಲಿ ಬರಲೇ ಇಲ್ಲ. ಅಲ್ಲಿಯ ತನಕ ಊರವರು ಹೊಲಕ್ಕೆ ಹೋಗುವಂತಿಲ್ಲ, ಸಂಜೆಗೇ ಬಾಗಿಲು ಭದ್ರ. ಪೇಟೆಯಲ್ಲಿ ಒಂದು ದಿನ ಬಂದ್ ಆದರೇ ಬಾಯಿ ಬಡಿದುಕೊಳ್ಳುವ ನಮಗೆ ಇದು ಅರ್ಥವಾದೀತೇ?

1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ಹೊಸದುರ್ಗ, ಹೊಳಲ್ಕೆರೆ, ಎಮ್ಮೆದೊಡ್ಡಿ, ದೇವರಾಯನದುರ್ಗ ಎಲ್ಲಾ ಇವೆ. ಕನ್ನಡಕ್ಕೆ ಅವರ ಕಾಡಿನ ಕಥೆಗಳನ್ನು ತಂದವರು ಪೂರ್ಣಚಂದ್ರ ತೇಜಸ್ವಿ. ಕೊನೆಕೊನೆಗೆ ಆಂಡರ್ಸನ್‌ಗೆ ಬಂದೂಕಿಗಿಂತ ಕ್ಯಾಮೆರಾ ಹಿಡಿಸಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಎರಡು ವರ್ಷಕ್ಕೆ, 1974ರಲ್ಲಿ, ಕ್ಯಾನ್ಸರ್ ಅವರನ್ನು ಒಯ್ದಿತು.