ಲೂ ಶುನ್ ಡಾಕ್ಟರಿಕೆ ಬಿಟ್ಟಿದ್ದು ಒಂದೇ ಒಂದು ಚಿತ್ರ ನೋಡಿಯಾ?

ಆಧುನಿಕ ಚೀನೀ ಸಾಹಿತ್ಯದ ದೊಡ್ಡ ಹೆಸರು ಲೂ ಶುನ್. ಆ ಹೆಸರು ಬಂದಲ್ಲೆಲ್ಲ ಒಂದು ಕತೆಯೂ ಬರುತ್ತೆ. ಜಪಾನಿನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗ ಕ್ಲಾಸಿನಲ್ಲಿ ಯುದ್ಧದ ಒಂದು ಸ್ಲೈಡ್ ನೋಡಿದ, ದೇಹಕ್ಕಿಂತ ಮೊದಲು ಮನಸ್ಸಿಗೆ ಮದ್ದು ಬೇಕು ಅಂದುಕೊಂಡ, ಕಾಲೇಜು ಬಿಟ್ಟು ಲೇಖಕನಾದ. ಇದು ಯಾರೋ ಕಟ್ಟಿದ ಕತೆಯಲ್ಲ, ಅವರೇ ಬರೆದುಕೊಂಡಿದ್ದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದೊಂದು ಮೋಟಿವೇಶನಲ್ ರೀಲ್ ಆಗುತ್ತೆ, ಅಷ್ಟೇ. ಹಿಂದೆ ಮುಂದೆ ನಡೆದದ್ದನ್ನೂ ನೋಡಬೇಕು.

ಹುಟ್ಟಿದ್ದು 1881ರಲ್ಲಿ, ಶಾವೊಶಿಂಗ್ ಊರಿನ ಝೌ ಮನೆತನದಲ್ಲಿ. ಲೂ ಶುನ್ ಅನ್ನೋದು ಆಮೇಲೆ ಇಟ್ಟುಕೊಂಡ ಕಾವ್ಯನಾಮ. 1893ರಲ್ಲಿ, ಸರ್ಕಾರಿ ಪರೀಕ್ಷೆಯ ಅಧಿಕಾರಿಗೆ ಲಂಚ ಕೊಡಲು ಹೋದ ಪ್ರಕರಣದಲ್ಲಿ ತಾತ ಜೈಲು ಸೇರಿದರು. ಅಪ್ಪ ಹಾಸಿಗೆ ಹಿಡಿದರು. ಗಿರವಿ ಅಂಗಡಿಗೆ ಬಟ್ಟೆ, ಒಡವೆ ಒಯ್ಯುವುದು, ಸಿಕ್ಕ ದುಡ್ಡಲ್ಲಿ ಔಷಧಿ ತರುವುದು ಈ ಹುಡುಗನ ಪಾಲಿಗೆ ಬಂತು. ಗಿರವಿ ಅಂಗಡಿಯ ಕಟ್ಟೆ ಅವನಿಗಿಂತ ಎಷ್ಟೋ ಎತ್ತರ, ಔಷಧಿ ಅಂಗಡಿಯದು ಅವನಷ್ಟೇ ಎತ್ತರ. ವೈದ್ಯರು ಕೇಳುತ್ತಿದ್ದ ಸಾಮಾನುಗಳೋ, ಮಂಜಿನಲ್ಲಿ ಮೂರು ವರ್ಷ ನಿಂತ ಕಬ್ಬು, ಬೇರೆ ಜೊತೆ ಕೂಡದ ಜೀರುಂಡೆ ಜೋಡಿ! ಹೊಟ್ಟೆ ಡೋಲಿನ ಹಾಗೆ ಊದಿದ್ದಕ್ಕೆ ಹಳೇ ಡೋಲಿನ ಚರ್ಮದಿಂದ ಮಾಡಿದ ಮಾತ್ರೆ. ವೈದ್ಯರ ಫೀಸಂತೂ ಜೋರಾಗಿಯೇ ಇತ್ತು. 1896ರಲ್ಲಿ ಅಪ್ಪ ತೀರಿಕೊಂಡರು.

ಇಲ್ಲಿಂದ ನೇರ ಮೆಡಿಕಲ್ ಕಾಲೇಜಿಗೆ ಹೋದರಾ ಅಂದ್ರೆ, ಇಲ್ಲ. ಕೈಯಲ್ಲಿ ಕಾಸಿರಲಿಲ್ಲ. ಫೀಸಿಲ್ಲದ ಸರ್ಕಾರಿ ಶಾಲೆ ಹುಡುಕಿಕೊಂಡು ನಾನ್‌ಜಿಂಗ್‌ಗೆ ಹೋದರು. ಮೊದಲು ನೌಕಾ ಶಾಲೆ, ಆಮೇಲೆ ಗಣಿ ಮತ್ತು ರೈಲ್ವೆ ಶಾಲೆ. ಎಂಜಿನಿಯರಿಂಗ್ ಮುಗಿಸಿ ಬರವಣಿಗೆಗೆ ಬಂದ ನನ್ನಂಥವರಿಗೆ ಈ ಸಾಲು ಓದಿದಾಗ ಸ್ವಲ್ಪ ಖುಷಿಯಾಗುತ್ತೆ. 1902ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಜಪಾನಿಗೆ ಹೊರಟರು. ಅಷ್ಟರಲ್ಲಿ ಮನಸ್ಸಿನಲ್ಲಿ ಲೆಕ್ಕ ಸಿದ್ಧವಾಗಿತ್ತು. ಜಪಾನಿನ ಸುಧಾರಣೆಗೆ ಪಶ್ಚಿಮದ ವೈದ್ಯವಿದ್ಯೆಯೂ ಒಂದು ದಾರಿಯಾಗಿತ್ತು ಅಂತ ಓದಿದ್ದರು. ಅಪ್ಪನಂಥ ರೋಗಿಗಳನ್ನು ಉಳಿಸಬಹುದು, ಯುದ್ಧ ಬಂದರೆ ಸೇನೆಯಲ್ಲಿ ವೈದ್ಯನಾಗಬಹುದು, ಜೊತೆಗೆ ಜನರಲ್ಲಿ ಸುಧಾರಣೆಯ ನಂಬಿಕೆ ಬೆಳೆಸಬಹುದು. ಅಂದರೆ ಅವರ ಪಾಲಿಗೆ ಮೆಡಿಸಿನ್ ಶುರುವಿನಿಂದಲೂ ರಾಜಕೀಯವೇ.

1904ರಲ್ಲಿ ಸೇರಿದ್ದು ಉತ್ತರದ ಸೆಂಡೈ ಊರಿನ ವೈದ್ಯಕೀಯ ಶಾಲೆ. ಅಲ್ಲಿದ್ದ ಚೀನೀ ವಿದ್ಯಾರ್ಥಿ ಇವರೊಬ್ಬರೇ. ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಫುಜಿನೊ ಗೆಂಕುರೊ ಈ ಹುಡುಗನ ನೋಟ್ಸ್ ತರಿಸಿಕೊಂಡು, ಪಾಠದ ತಪ್ಪಿನ ಜೊತೆ ಜಪಾನಿ ವ್ಯಾಕರಣವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದರು. ಮೊದಲ ವರ್ಷ 142 ಜನರಲ್ಲಿ 68ನೇ ಸ್ಥಾನ ಬಂತು. ಕೆಲವು ಸಹಪಾಠಿಗಳಿಗೆ ಅದೂ ಸಹಿಸಲಾಗಲಿಲ್ಲ. ಮೇಷ್ಟ್ರು ನೋಟ್ಸಿನಲ್ಲಿ ಪ್ರಶ್ನೆಗಳಿಗೆ ಗುರುತು ಹಾಕಿ ಕೊಟ್ಟಿದ್ದಾರೆ ಅಂತ ಗುಲ್ಲೆಬ್ಬಿಸಿದರು, ಸಹಿಯಿಲ್ಲದ ಪತ್ರ ಬರೆದರು. ತಮಾಷೆ ಏನಂದ್ರೆ, ಅವರು ಪಾಸಾಗದ ವಿಷಯ ಒಂದೇ, ಅದೂ ಅಂಗರಚನಾಶಾಸ್ತ್ರ. ಬಂದ ಅಂಕ 59.3. ಚೀನಾದವನಿಗೆ ಅಷ್ಟು ಬುದ್ಧಿ ಇರೋಕೆ ಸಾಧ್ಯವಿಲ್ಲ ಅನ್ನೋದೇ ಆ ಗುಲ್ಲಿನ ತಳಹದಿ. ಮೆರಿಟ್ ಹೆಸರಲ್ಲಿ ಯಾರನ್ನು ಅನುಮಾನಿಸಲಾಗುತ್ತೆ ಅಂತ ನಮಗೇನೂ ಹೊಸದಾಗಿ ಹೇಳಬೇಕಿಲ್ಲ.

ಸ್ಲೈಡಿನ ಪ್ರಸಂಗ ಬರುವುದು ಇದಾದ ಮೇಲೆ. ಸೂಕ್ಷ್ಮಜೀವಿಗಳ ಪಾಠ ಬೇಗ ಮುಗಿದರೆ ಉಳಿದ ಹೊತ್ತಲ್ಲಿ ರಷ್ಯಾ–ಜಪಾನ್ ಯುದ್ಧದ ಚಿತ್ರ ತೋರಿಸುತ್ತಿದ್ದರು. ಆ ಯುದ್ಧ ನಡೆದದ್ದು ಚೀನಾದ ಮಂಚೂರಿಯಾ ನೆಲದ ಮೇಲೆ. ರಷ್ಯಾದ ಗೂಢಚಾರ ಅಂತ ಒಬ್ಬ ಚೀನೀಯನನ್ನು ಜಪಾನಿ ಸೈನಿಕರು ಕೊಲ್ಲಲು ನಿಲ್ಲಿಸಿದ್ದಾರೆ. ಸುತ್ತ ಗಟ್ಟಿಮುಟ್ಟಾದ ಚೀನೀಯರು ಸುಮ್ಮನೆ ನೋಡುತ್ತಿದ್ದಾರೆ. ಕ್ಲಾಸಿನಲ್ಲಿ ಚಪ್ಪಾಳೆ. ಸೆಂಡೈನಲ್ಲಿ ಆಮೇಲೆ ಸಿಕ್ಕ ಸ್ಲೈಡುಗಳಲ್ಲಿ ಈ ದೃಶ್ಯ ಇಲ್ಲ, ಹಾಗಾಗಿ ಸಂಶೋಧಕರ ಜಗಳ ಮುಗಿದಿಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ಸಿಟ್ಟು ಕತ್ತಿ ಹಿಡಿದವನ ಮೇಲೆ ಹೋಗದೆ, ನಿಂತು ನೋಡಿದವರ ಮೇಲೆ ಯಾಕೆ ಹೋಯಿತು? ಸೋತ ಜನರನ್ನೇ ಬೈಯುವ ಈ ಧಾಟಿ ಸುಲಭವಾಗಿ ತಿರಸ್ಕಾರಕ್ಕೆ ಜಾರುತ್ತೆ. ಆದರೆ ಲೂ ಶುನ್ ತಮ್ಮನ್ನೂ ಹೊರಗಿಟ್ಟಿಲ್ಲ. ಆ ಕತ್ತಲ ಕೋಣೆಯಲ್ಲಿ ಅವರೂ ಒಬ್ಬ ಪ್ರೇಕ್ಷಕರು. ಬೇರೆಯವರ ಖುಷಿಯಲ್ಲಿ ತಾವೂ ಸೇರಬೇಕಾಗುತ್ತಿತ್ತು ಅಂತ ಒಪ್ಪಿಕೊಂಡಿದ್ದಾರೆ.

1906ರಲ್ಲಿ ಕಾಲೇಜು ಬಿಟ್ಟರು. ಫುಜಿನೊ ಮೇಷ್ಟ್ರ ಮುಖ ನೋಡಲಾಗದೆ, ಜೀವಶಾಸ್ತ್ರ ಓದುತ್ತೇನೆ, ನೀವು ಕಲಿಸಿದ್ದು ಉಪಯೋಗಕ್ಕೆ ಬರುತ್ತೆ ಅಂತ ಸುಳ್ಳು ಹೇಳಿದರು.

ರೀಲಿನವರು ಕತ್ತರಿಸುವ ಭಾಗ ಇದರ ಮುಂದಿನದು. ಟೋಕಿಯೊದಲ್ಲಿ ಪತ್ರಿಕೆ ತರಲು ಹೊರಟರು. ಬರೆಯುವವರು ಜಾರಿಕೊಂಡರು, ದುಡ್ಡು ಹಾಕುವವರೂ ಜಾರಿಕೊಂಡರು, ಒಂದು ಸಂಚಿಕೆಯೂ ಬರಲಿಲ್ಲ. 1909ರಲ್ಲಿ ತಮ್ಮ ಝೌ ಝುವೊರೆನ್ ಜೊತೆ ಸೇರಿ ವಿದೇಶಿ ಕತೆಗಳ ಅನುವಾದ ತಂದರು. ಟೋಕಿಯೊದಲ್ಲಿ ಮಾರಾಟವಾದದ್ದು ಒಂದೊಂದು ಸಂಪುಟದ ಇಪ್ಪತ್ತು ಚಿಲ್ಲರೆ ಪ್ರತಿ. ಅದೇ ವರ್ಷ ಊರಿಗೆ ಮರಳಿ ಹಾಂಗ್‌ಝೌನಲ್ಲಿ ಕಲಿಸಿದ್ದೇನು? ಶರೀರಶಾಸ್ತ್ರ ಮತ್ತು ರಸಾಯನಶಾಸ್ತ್ರ! ಬಿಟ್ಟು ಬಂದ ವಿದ್ಯೆಯೇ ಅನ್ನ ಹಾಕಿತು. ಆಮೇಲೆ ಶಿಕ್ಷಣ ಸಚಿವಾಲಯದಲ್ಲಿ ನೌಕರಿ, ಬೀಜಿಂಗಿನ ಕೋಣೆಯಲ್ಲಿ ಕೂತು ಹಳೇ ಶಿಲಾಶಾಸನಗಳ ನಕಲು. 'ಹುಚ್ಚನ ದಿನಚರಿ' ಬಂದದ್ದು 1918ರಲ್ಲಿ. ಕಾಲೇಜು ಬಿಟ್ಟು 12 ವರ್ಷ ಆಗಿತ್ತು, ವಯಸ್ಸು ನಲವತ್ತರ ಹತ್ತಿರ. ಆ 12 ವರ್ಷದಲ್ಲಿ ಅವರನ್ನು ನೋಡಿದವರು ಒಳ್ಳೇ ಸೀಟು ಹಾಳುಮಾಡಿಕೊಂಡ ಅಂತಲೇ ಅಂದಿರಬೇಕು.

ಮರುವರ್ಷ 'ಔಷಧಿ' ಅನ್ನುವ ಕತೆ ಬರೆದರು. ಕ್ಷಯದ ಮಗನನ್ನು ಉಳಿಸಿಕೊಳ್ಳಲು ಬಡ ಚಹಾ ಅಂಗಡಿಯವನು ಕೂಡಿಟ್ಟ ಹಣ ಕೊಟ್ಟು, ಆಗತಾನೇ ಶಿರಚ್ಛೇದವಾದವನ ರಕ್ತದಲ್ಲಿ ಅದ್ದಿದ ರೊಟ್ಟಿ ತರುತ್ತಾನೆ. ಸತ್ತವನು ಕ್ರಾಂತಿಕಾರಿ. ಅವನ ಹೆಸರು ಶಾವೊಶಿಂಗ್‌ನಲ್ಲಿ 1907ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ಚಿಯೂ ಜಿನ್ ಎಂಬ ಹೆಣ್ಣುಮಗಳನ್ನು ನೆನಪಿಸುತ್ತೆ. ಮಗು ಉಳಿಯುವುದಿಲ್ಲ. ಅಪ್ಪನ ಮದ್ದು, ಸೆಂಡೈನ ಸ್ಲೈಡು, ನೋಡುವ ಗುಂಪು ಎಲ್ಲವೂ ಈ ಪುಟ್ಟ ಕತೆಯಲ್ಲಿವೆ. ಇಲ್ಲಿ ಆ ಬಡ ಅಪ್ಪನನ್ನು ಬೈಯಲು ನಮಗೆ ಮನಸ್ಸೇ ಬರುವುದಿಲ್ಲ. ಸ್ಲೈಡ್ ನೋಡಿದಾಗಿನ ಸಿಟ್ಟಿಗಿಂತ ಲೂ ಶುನ್ ಬಹಳ ದೂರ ಬಂದಿದ್ದರು.

1936ರ ಅಕ್ಟೋಬರ್ 19ರಂದು ಶಾಂಘೈನಲ್ಲಿ ತೀರಿಕೊಂಡರು, ಕ್ಷಯದಿಂದಲೇ. ಕೊನೆಗೆ ನೋಡಿಕೊಂಡ ವೈದ್ಯರೂ ಒಬ್ಬ ಜಪಾನಿ. ಬೀಜಿಂಗಿನಲ್ಲಿದ್ದಾಗ ಬರೆಯುವ ಮೇಜಿನ ಎದುರು ಗೋಡೆಗೆ ಫುಜಿನೊ ಮೇಷ್ಟ್ರ ಫೋಟೊ ತೂಗುಹಾಕಿದ್ದರು. ಆ ಮೇಷ್ಟ್ರು ಅಷ್ಟರಲ್ಲಿ ಕಾಲೇಜಿನ ಕೆಲಸ ಕಳೆದುಕೊಂಡು, ತಮ್ಮ ಫುಕುಯಿ ಸೀಮೆಯಲ್ಲಿ ಹಳ್ಳಿ ರೋಗಿಗಳನ್ನು ನೋಡಿಕೊಂಡಿದ್ದರು.