ಮೂರು ರಸ್ತೆ ತೆರೆಸಿದ ಮಹಾರಾಣಿ

ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಆಫೀಸಿನ ದಾರಿಯಲ್ಲಿ ವೇಪೇರಿಯ ಪೆರಿಯಾರ್ ತಿಡಲ್ ದಿನಾ ಎದುರಾಗುತ್ತದೆ. ಈರೋಡಿನ ಪೆರಿಯಾರರ ಮನೆಮಾತು ಕನ್ನಡ ಎಂದು ಊಟದ ಹೊತ್ತಿನಲ್ಲಿ ಹೇಳಿದರೆ ತಮಿಳು ಗೆಳೆಯರು ನಗುತ್ತಾ ಒಪ್ಪಿಕೊಂಡು ವೈಕಂ ಸತ್ಯಾಗ್ರಹದ ಕಥೆ ತೆಗೆಯುತ್ತಾರೆ. ಅವರು ಅಲ್ಲಿ ಜೈಲಿಗೆ ಹೋದದ್ದು ಎಲ್ಲರಿಗೂ ಗೊತ್ತು. ಆಗ ತಿರುವಾಂಕೂರನ್ನು ಆಳಲು ಬಂದ ಹೆಂಗಸು ಯಾರೆಂದರೆ ಉತ್ತರವಿಲ್ಲ. ಆಕೆ ಕೊನೆಯುಸಿರೆಳೆದದ್ದು ನಮ್ಮ ಬೆಂಗಳೂರಿನಲ್ಲಿ!

ಹೆಸರು ಸೇತು ಲಕ್ಷ್ಮೀಬಾಯಿ. ಚಿತ್ರಕಾರ ರಾಜಾ ರವಿವರ್ಮನ ಮೊಮ್ಮಗಳು, ಹುಟ್ಟಿದ್ದು 1895ರಲ್ಲಿ. ತಿರುವಾಂಕೂರಿನಲ್ಲಿ ಪಟ್ಟ ಮಗನಿಗಲ್ಲ, ಸೋದರಿಯ ಸಂತತಿಗೆ. ಅರಮನೆಯಲ್ಲಿ ಹೆಣ್ಣುಸಂತತಿ ಇರಲಿಲ್ಲವಾಗಿ 1900ರಲ್ಲಿ ಆಕೆಯನ್ನೂ ಚಿಕ್ಕಮ್ಮನ ಮಗಳು ಸೇತು ಪಾರ್ವತಿಯನ್ನೂ ದತ್ತು ತೆಗೆದುಕೊಂಡರು. ಗಂಡುಮಗು ಹುಟ್ಟಿದ್ದು ಕಿರಿಯವಳಿಗೆ. 1924ರ ಆಗಸ್ಟ್‌ನಲ್ಲಿ ಮಹಾರಾಜ ಮೂಲಂ ತಿರುನಾಳ್ ತೀರಿಕೊಂಡಾಗ ಆ ಹುಡುಗ ಚಿತ್ತಿರ ತಿರುನಾಳ್‌ಗೆ ಹನ್ನೊಂದು ವರ್ಷ. ಮೈಸೂರಿನಲ್ಲಿ ನಾಲ್ವಡಿಯವರ ಪರವಾಗಿ ತಾಯಿ ವಾಣಿವಿಲಾಸ ಸನ್ನಿಧಾನದವರು ಆಳಿದ್ದು ನಮಗೆ ಗೊತ್ತು. ಇಲ್ಲಿ ತಾಯಿ ಪಕ್ಕಕ್ಕೆ ನಿಂತು ದೊಡ್ಡಮ್ಮ ರೀಜೆಂಟ್ ಆದಳು. ಇದು ಮುಂದೆ ಅರಮನೆಯನ್ನೇ ಒಡೆಯಿತು.

ವೈಕಂ ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಈಳವರು, ಪುಲಯರು ನಡೆಯುವಂತಿರಲಿಲ್ಲ. ಗಮನಿಸಿ, ಕೇಳಿದ್ದು ಗರ್ಭಗುಡಿಯನ್ನಲ್ಲ, ರಸ್ತೆಯನ್ನು. ಆ ವರ್ಷದ ಮಾರ್ಚ್ 30ರಿಂದಲೇ ಸತ್ಯಾಗ್ರಹ ನಡೆದಿತ್ತು. ಹೊಸ ಆಡಳಿತ ಬಂದೊಡನೆ ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಆದರೆ ಶಾಸನಸಭೆಯಲ್ಲಿ ರಸ್ತೆ ತೆರೆಯುವ ಠರಾವು ಒಂದೇ ಒಂದು ಮತದಿಂದ ಬಿದ್ದುಹೋಯಿತು. 1925ರ ಮಾರ್ಚ್‌ನಲ್ಲಿ ಗಾಂಧೀಜಿ ಬಂದು ಮಹಾರಾಣಿಯನ್ನು ಕಂಡರು. ತನ್ನ ಒಲವು ರಸ್ತೆ ತೆರೆಯುವ ಕಡೆಗೇ ಇದೆ, ಆದರೆ ಜನಾಭಿಪ್ರಾಯದ ಬೆಂಬಲ ಬೇಕು ಎಂಬುದು ಆಕೆಯ ನಿಲುವು. ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಅಧಿಕಾರ ಕೈಯಲ್ಲಿದ್ದೂ ಇದೆಂಥ ಮಾತು? ಈಗ ಅಷ್ಟು ಸಿಟ್ಟಿಲ್ಲ. ಸಿಂಹಾಸನ ಬೇರೆಯವರದು, ಮೇಲೆ ಬ್ರಿಟಿಷರ ಕಣ್ಣು. ಆದರೂ ದಿವಾನರಾಗಿ ಕ್ರೈಸ್ತರಾದ ವಾಟ್ಸ್ ಅವರನ್ನು ನೇಮಿಸಿಕೊಂಡ ಗಟ್ಟಿಗಿತ್ತಿಗೆ ರಸ್ತೆಯ ವಿಷಯದಲ್ಲಿ ಮಾತ್ರ ಏಕೆ ಅಷ್ಟು ಹಿಂಜರಿಕೆ ಎಂದು ಈಗಲೂ ಅನ್ನಿಸುತ್ತದೆ.

1925ರ ನವೆಂಬರ್ ಹೊತ್ತಿಗೆ ಮೂರು ಕಡೆಯ ರಸ್ತೆಗಳು ಎಲ್ಲರಿಗೂ ತೆರೆದವು. ಪೂರ್ವದ್ದು ಮುಚ್ಚಿಯೇ ಉಳಿಯಿತು. ರಾಜ್ಯದ ದೇವಸ್ಥಾನಗಳಲ್ಲಿ ಪ್ರಾಣಿಬಲಿ ನಿಂತದ್ದು, ದೇವದಾಸಿ ಪದ್ಧತಿ ರದ್ದಾದದ್ದು ಆಕೆಯ ಕಾಲದಲ್ಲೇ. ದೇವಸ್ಥಾನದ ಬಾಗಿಲು ಮಾತ್ರ ತೆರೆದದ್ದು 1936ರ ನವೆಂಬರ್ 12ರಂದು, ದೊಡ್ಡವನಾಗಿದ್ದ ಚಿತ್ತಿರ ತಿರುನಾಳರ ಘೋಷಣೆಯಿಂದ. ಕೀರ್ತಿಯೆಲ್ಲ ಅವರಿಗೆ ಹೋಯಿತು.

1931ರಲ್ಲಿ ಅಧಿಕಾರ ಒಪ್ಪಿಸಿದ ಮೇಲೆ ತಂಗಿಯ ಅರಮನೆಗೂ ಆಕೆಯ ಅರಮನೆಗೂ ಹಳಸಿದ ಸಂಬಂಧ ಸರಿಹೋಗಲಿಲ್ಲ. ಸ್ವಾತಂತ್ರ್ಯ ಬಂದು ಸಂಸ್ಥಾನ ಹೋದ ಬಳಿಕ, ಐವತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಮಹಾರಾಣಿ, 1985ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದಳು. ನಾವು ಊರು ಬಿಟ್ಟು ಚೆನ್ನೈಗೆ ಬಂದ ಹಾಗೆ, ಆಕೆ ಊರು ಬಿಟ್ಟು ನಮ್ಮೂರಿಗೆ ಬಂದವಳು.

ತಿರುವನಂತಪುರದ ಪೂಜಪ್ಪುರದಲ್ಲಿ ಆಕೆಯಿದ್ದ ಸ್ಯಾಟಲ್ಮಂಡ್ ಅರಮನೆಯಲ್ಲಿ ಈಗ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಒಂದು ವಿಭಾಗವಿದೆ. ಆ ಸಂಸ್ಥೆಗೆ ಇಟ್ಟಿರುವುದು ಚಿತ್ತಿರ ತಿರುನಾಳರ ಹೆಸರು.