ಗಣಿಯೂರಿಗೆ ಹಸಿರು ಬೇಲಿ ಕಟ್ಟಿದ ಆಲ್ಬರ್ಟ್ ಮಾರಿಸ್

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮದಂಚಿನಲ್ಲಿ ಬ್ರೋಕನ್ ಹಿಲ್ ಎಂಬ ಗಣಿಯೂರಿದೆ. ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆ ಬೀಳುವ ಒಣ ಸೀಮೆ ಅದು. 1883ರಲ್ಲಿ ಅಲ್ಲಿ ಅದಿರು ಸಿಕ್ಕಿತು. ಬೆಳ್ಳಿ, ಸೀಸ, ಸತುವಿನ ಗಣಿಗಳು ಬೆಳೆದವು. ಗಣಿಯ ಆಸರೆಗಂಬಗಳಿಗೆಂದು, ಉರುವಲಿಗೆಂದು ಸುತ್ತಲಿನ ಮರಗಳನ್ನು ಕಡಿದರು. ಉಳಿದ ಹಸಿರನ್ನು ಕುರಿ, ಆಡು, ಮೊಲಗಳು ಮೇಯ್ದವು. ಬತ್ತಲಾದ ನೆಲದಿಂದ ಎದ್ದ ಧೂಳು, ಮರಳು ಊರಿನೊಳಕ್ಕೇ ನುಗ್ಗತೊಡಗಿತು.

ಇದಕ್ಕೆ ಮದ್ದು ಕಂಡುಹಿಡಿದವರು ಆಲ್ಬರ್ಟ್ ಮಾರಿಸ್. 1886ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಗಣಿಯ ಅದಿರು ಪರೀಕ್ಷಕರು. ಸಸ್ಯಶಾಸ್ತ್ರವನ್ನು ಸ್ವಂತ ಆಸಕ್ತಿಯಿಂದ ಕಲಿತರು. ಪತ್ನಿ ಮಾರ್ಗರೆಟ್ ಅವರೂ ಈ ಕೆಲಸದಲ್ಲಿ ಜೊತೆಯಾದರು. 1920ರಲ್ಲಿ ಊರಿನ ನಿಸರ್ಗಾಸಕ್ತರ ಸಂಘ ಸ್ಥಾಪಿಸುವಲ್ಲಿ ಇಬ್ಬರೂ ಮುಂದಾಳುಗಳು.

ಆ ಮಣ್ಣಿಗೆ ಒಗ್ಗಿದ ಗಿಡಗಳು ತಾವಾಗಿಯೇ ಮರಳಿ ಬರುತ್ತವೆ, ಮೇಯುವ ಬಾಯಿಗಳನ್ನು ತಡೆದರೆ ಸಾಕು ಎಂಬುದು ಮಾರಿಸ್ ಅವರ ನಂಬಿಕೆ. ಇದನ್ನು ಸಂಶಯದಿಂದ ನೋಡಿದವರೂ ಇದ್ದರು. 1936ರಲ್ಲಿ ಝಿಂಕ್ ಕಾರ್ಪೊರೇಷನ್ ಎಂಬ ಗಣಿ ಕಂಪನಿ ನೆರವಿಗೆ ಬಂತು. ದನಕರು, ಮೊಲ ನುಸುಳದಂತೆ ಬೇಲಿ ಹಾಕಲಾಯಿತು. ಗಣಿಯ ಬಳಿ ಒಂದಿಷ್ಟು ಗಿಡ ನೆಟ್ಟರು. ಊರ ಸುತ್ತಲಿನ ಬಯಲನ್ನು ಬಹುತೇಕ ಪ್ರಕೃತಿಗೇ ಬಿಟ್ಟರು. ಮಳೆ ಬಿದ್ದಾಗ ಮಣ್ಣಿನಲ್ಲಿ ಅಡಗಿದ್ದ ಬೀಜಗಳು, ಗಾಳಿ ಹೊತ್ತು ತಂದ ಬೀಜಗಳು ಮೊಳೆತವು. ಸಾಲ್ಟ್‌ಬುಷ್ ಎಂಬ ಉಪ್ಪು ಸಹಿಸುವ ಪೊದೆಗಳು, ಹುಲ್ಲು ತಲೆಯೆತ್ತಿದವು.

ಇಲ್ಲಿ ಹೊದಿಕೆಯ ಪಾಠವೂ ಇದೆ. ಪೊದೆಯ ಬುಡದಲ್ಲಿ ಬಿದ್ದ ತರಗು, ಕಡ್ಡಿಗಳು ಹಾರುವ ಮರಳನ್ನೂ ಬೀಜವನ್ನೂ ಹಿಡಿದಿಡುತ್ತವೆ. ತೇವ ಬೇಗ ಆರುವುದಿಲ್ಲ, ಮಳೆಹನಿಯ ಹೊಡೆತಕ್ಕೆ ಮಣ್ಣು ಗಟ್ಟಿ ಪದರವಾಗುವುದಿಲ್ಲ. ಗಣಿ ಅಗೆದ ನೆಲದಲ್ಲಿ ಇಂದು ಸ್ಥಳೀಯ ಗಿಡಗಳ ಬೀಜವಿರುವ ಕೊಂಬೆಗಳನ್ನೇ ಹರಡುವ ಪದ್ಧತಿಯೂ ಉಂಟು. ಅದರಿಂದ ಹೊದಿಕೆ, ಬಿತ್ತನೆ ಎರಡೂ ಆಗುತ್ತವೆ. ಆದರೆ ಹೊದಿಕೆ ತೀರಾ ದಪ್ಪವಾದರೆ ಸಣ್ಣ ಬೀಜದ ಮೊಳಕೆ ಮೇಲೇಳದು. ಕಳೆಬೀಜವಿರುವ ಹುಲ್ಲನ್ನೂ ಬಳಸಬಾರದು.

ಬೇಲಿಗಳು ಊರನ್ನು ಸುತ್ತುವರಿಯುವ ಮೊದಲೇ, 1939ರಲ್ಲಿ ಮಾರಿಸ್ ತೀರಿಕೊಂಡರು. ಮಾರ್ಗರೆಟ್ ಮತ್ತು ಸಂಗಡಿಗರು ಕೆಲಸ ಮುಂದುವರಿಸಿದರು. ಆ ಹಸಿರು ಮೀಸಲು ಇಂದಿಗೂ ಉಳಿದಿದೆ.

ರೈತ ಬಾಂಧವರೇ, ಬರಡೆಂದು ಕೈಬಿಟ್ಟ ನೆಲ ನಿಮ್ಮಲ್ಲಿದ್ದರೆ ಸಸಿ ತರುವ ಮುನ್ನ ಒಂದು ಮೂಲೆಗೆ ಬೇಲಿ ಹಾಕಿ, ತರಗನ್ನು ಸುಡದೆ ಅಲ್ಲೇ ಹರಡಿ, ಒಂದೆರಡು ಮಳೆಗಾಲ ಕಾದು ನೋಡಿರಿ.